ಕರಡಿಗೆ ಇಲ್ಲದೆ ಕಡಲಿಗೆ

ಸಮುದ್ರ ನೋಡಬೇಕೆಂಬ ಹುಚ್ಚು ಹತ್ತಿದ್ದು ನನಗಲ್ಲ, ನನ್ನ ಸ್ನೇಹಿತನಿಗೆ. ನನಗೆ ಆಗ ಇಪ್ಪತ್ಮೂರು ವರ್ಷ. ಚಾಮರಾಜಪೇಟೆಯಲ್ಲಿ ಮನೆ, ಅಕ್ಕಿಪೇಟೆಯಲ್ಲಿ ಅಪ್ಪನ ಅಕ್ಕಿ ಮಂಡಿ. ಇವೆರಡರ ನಡುವೆ ಓಡಾಡುವುದರಲ್ಲೇ ಆಯುಷ್ಯ ಕಳೆದುಹೋಗುತ್ತದೆಂದು ನಾನು ಒಪ್ಪಿಕೊಂಡಾಗಿತ್ತು. ಅವನು ಗವಿಪುರದವನು. ಕನಕಪುರದ ಕಡೆಯ ಒಕ್ಕಲು ಮನೆತನ. ಅವನ ತಂದೆ ಹೊಲವನ್ನು ತಮ್ಮಂದಿರಿಗೆ ಬಿಟ್ಟು ಬಂದು ಬೆಂಗಳೂರಿನಲ್ಲಿ ಸರ್ಕಾರಿ ನೌಕರಿ ಹಿಡಿದಿದ್ದರು. ಕಾಲೇಜಿನಲ್ಲಿ ನಾಲ್ಕು ವರ್ಷ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ನಾನು ಓದಿದ್ದನ್ನು ಅವನು ಬರೆಯುತ್ತಿದ್ದ, ಅವನಿಗೇ ಹೆಚ್ಚು ನಂಬರು ಬರುತ್ತಿತ್ತು. ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಮೋಟಾರ್ ಸೈಕಲ್ಲೊಂದು ನಾಲ್ಕಾರು ಕೈ ದಾಟಿ ಅವನ ಪಾಲಿಗೆ ಬಂದಿತ್ತು. ಮೇಲೆ ಕಪ್ಪು ಬಣ್ಣ ಬಳಿಸಿದ್ದ. ಉಜ್ಜಿಹೋದ ಕಡೆಯಲ್ಲೆಲ್ಲ ಹಳೆಯ ಹಸಿರು ಹಣಕುತ್ತಿತ್ತು. ಬಸವನಗುಡಿಯ ರಸ್ತೆಗಳಲ್ಲಿ ಅದು ಹೋದರೆ ಸಂಜೆ ತಿರುಗಾಡಲು ಹೊರಟ ಪಿಂಚಣಿದಾರರು ಕೊಡೆ ಎತ್ತಿ ಬೈಯುತ್ತಿದ್ದರು. ಒಂದು ಸಂಜೆ ವಿಶ್ವೇಶ್ವರಪುರದ ಹೋಟೆಲ್ಲಿನಲ್ಲಿ ದೋಸೆ ತಿನ್ನುತ್ತಾ ಅವನು ಮಾತು ತೆಗೆದ.

"ಲೇ, ಸಾಯೋದ್ರೊಳಗೆ ಒಂದ್ಸಲ ಸಮುದ್ರ ನೋಡ್ಬೇಕು ಕಣೋ."

"ಸಾಯೋಕೆ ಇನ್ನೂ ಟೈಮಿದೆ," ಎಂದೆ.

"ನಮಗಿದೆ. ಗಾಡಿಗಿಲ್ಲ. ಹೋಗೋದಾದ್ರೆ ಈಗ್ಲೇ."

ನಾವು ಹೊರಡಬೇಕೆಂದುಕೊಂಡ ಮಂಗಳೂರು ಆಗಿನ್ನೂ ಮದ್ರಾಸಿಗೆ ಸೇರಿತ್ತು. ನಮ್ಮ ಮನೆಯವರಿಗೆ ಅದು ಪರದೇಶವೇ. ವಿಷಯ ತಿಳಿದ ಅಪ್ಪ, "ಹೋಗು, ಸೊಂಟ ಮುರ್ಕೊಂಡ್ ಬಾ. ಆಮೇಲಾದ್ರೂ ಮಂಡೀಲಿ ಒಂದ್ಕಡೆ ಕೂರ್ತೀಯ" ಎಂದರು. ಅದನ್ನು ಒಪ್ಪಿಗೆ ಎಂದೇ ತಿಳಿದೆ. ಅಮ್ಮ ಪೆಟ್ಟಿಗೆಯಿಂದ ಅಪ್ಪನ ಹಳೆಯ ಉಣ್ಣೆ ಕೋಟು ತೆಗೆದು ಬಿಸಿಲಿಗೆ ಹಾಕಿದಳು.

ಮುಂದಿನದು ತಿಳಿಯಬೇಕಾದರೆ ನಮ್ಮ ಮನೆಯ ಒಂದು ನಿಯಮ ಹೇಳಬೇಕು. ನಮ್ಮದು ಲಿಂಗ ಧರಿಸುವ ಮನೆತನ. ಹುಟ್ಟಿದಾಗ ಸ್ವಾಮಿಗಳು ಕಟ್ಟಿದ ಲಿಂಗವನ್ನು ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿಟ್ಟು, ಶಿವದಾರದಲ್ಲಿ ಪೋಣಿಸಿ, ಎದೆಯ ಮೇಲೆ ಸಾಯುವ ತನಕ ಇಟ್ಟುಕೊಳ್ಳಬೇಕು. ತಿನ್ನುವುದು, ಕುಡಿಯುವುದು ಎಲ್ಲವೂ ಮೊದಲು ಅದಕ್ಕೆ ಸಲ್ಲಬೇಕು. ಅದು ಮೈಮೇಲಿಲ್ಲದೆ ತೊಟ್ಟು ನೀರೂ ಕೂಡದು. ನಮ್ಮ ಅಜ್ಜಿಯ ತಮ್ಮನೊಬ್ಬರು ಬಾವಿಯಲ್ಲಿ ನೀರು ಸೇದುವಾಗ ದಾರ ಕಡಿದು ಲಿಂಗ ಕಳೆದುಕೊಂಡರಂತೆ. ಮುಳುಗುವವರು ಬಂದು ಹುಡುಕಿ ತೆಗೆಯುವವರೆಗೆ ಮೂರು ದಿನ ಬಾವಿಕಟ್ಟೆಯ ಮೇಲೆ ಉಪವಾಸ ಕೂತಿದ್ದರಂತೆ. "ಸಿಗದೇ ಹೋಗಿದ್ರೆ?" ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದೆ. "ಸಿಗದೇ ಹೋಗಿದ್ರೆ ಅಲ್ಲೇ ಕೂತಿರ್ತಿದ್ದ" ಎಂದಿದ್ದಳು ಅಜ್ಜಿ. ಅಷ್ಟು ನಿಷ್ಠೆ ನನ್ನಲ್ಲಿತ್ತೇ? ಕಾಲೇಜಿನಲ್ಲಿ ದೇವರಿದ್ದಾನೋ ಇಲ್ಲವೋ ಎಂದು ಗಂಟೆಗಟ್ಟಲೆ ವಾದ ಮಾಡಿದವನು ನಾನು. ಪೂಜೆ ಮಾತ್ರ ದಿನಾ ಮಾಡುತ್ತಿದ್ದೆ. ನಂಬಿಕೆಯಿಂದಲೋ, ಅಭ್ಯಾಸಬಲದಿಂದಲೋ, ಅಮ್ಮನ ಮೇಲಿನ ಅಂಜಿಕೆಯಿಂದಲೋ ನನಗೇ ಗೊತ್ತಿರಲಿಲ್ಲ.

ಪುಷ್ಯ ಮಾಸದ ಚಳಿ. ಬೆಳಗಿನ ಜಾವ ಎದ್ದು, ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಪೂಜೆಗೆ ಕೂತೆ. ಎಡ ಅಂಗೈಯಲ್ಲಿ ಲಿಂಗ, ವಿಭೂತಿ, ಎರಡು ಬಿಲ್ವದ ಎಲೆ. ಅಷ್ಟರಲ್ಲಿ ಬೀದಿಯಲ್ಲಿ ಆ ಗಾಡಿಯ ಗುಡುಗು. ಎದುರು ಮನೆಯವರು ಕಿಟಕಿ ತೆಗೆದು ಬೈಯುವುದೂ ಕೇಳಿಸಿತು. ಅಮ್ಮ ಅಡುಗೆಮನೆಯಿಂದಲೇ, "ಗಾಡಿ ಕುಲುಕ್ತದೆ, ಕರಡಿಗೇನ ಬನೀನಿನ ಒಳಗೆ ಬಿಗಿಯಾಗಿ ಕಟ್ಕೋ" ಎಂದಳು. ದಿನವೂ ಮೊದಲು ಕರಡಿಗೆ, ಆಮೇಲೆ ಬನಿಯನ್ನು. ಆ ದಿನ ಕೊರಳಿನಿಂದ ಒಳಗಿಳಿಸಿ ಬಿಗಿಯಾಗಿ ಕಟ್ಟೋಣವೆಂದು ಮೊದಲು ಬನಿಯನ್ನು ಹಾಕಿಕೊಂಡೆ. ಆಮೇಲೆ ಅಂಗಿ, ಸ್ವೆಟರು, ಅಪ್ಪನ ಕೋಟು, ಕುತ್ತಿಗೆಗೆ ಮಫ್ಲರು. ಹೊರಗೆ ಅವನು ಹಾರನ್ ಒತ್ತುತ್ತಲೇ ಇದ್ದ. ಅಪ್ಪ ಎದ್ದು ಇನ್ನೊಂದು ಸುತ್ತು ಉಪದೇಶ ಶುರು ಮಾಡುವ ಮೊದಲು ಓಡಿ ಹಿಂದಿನ ಸೀಟು ಹತ್ತಿದೆ.

ಕುಣಿಗಲ್ ತಲುಪುವಾಗ ಬಿಸಿಲೇರಿತ್ತು. ಕೆರೆಯ ಏರಿಯ ಮೇಲೆ ಹೋಗುವಾಗ ನೀರೆಲ್ಲ ಹೊಳೆಯುತ್ತಿತ್ತು. ಸ್ನೇಹಿತ ಹಾಡು ಹೇಳತೊಡಗಿದ. ಗಂಟಲು ಕತ್ತೆಯದು, ಆದರೆ ಎಂಜಿನ್ನಿನ ಸದ್ದಿನಲ್ಲಿ ಪರವಾಗಿರಲಿಲ್ಲ. ಇನ್ನೂ ಸ್ವಲ್ಪ ಮುಂದೆ ಹುಣಸೆಮರವೊಂದರ ಕೆಳಗೆ ನಿಲ್ಲಿಸಿ, ನಾನು ಕೋಟು ಸ್ವೆಟರು ಎರಡನ್ನೂ ಕಳಚಿ, ಕೊಡವಿ, ಮಡಿಸಿ ಚೀಲಕ್ಕೆ ತುರುಕಿದೆ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ನಾನೂ ಹಾಡಿದೆ.

ಚನ್ನರಾಯಪಟ್ಟಣದ ಹೋಟೆಲ್ಲಿನಲ್ಲಿ ಇಡ್ಲಿಯ ಮುಂದೆ ಕೂತಾಗ ತಿಳಿಯಿತು. ಮೊದಲ ತುತ್ತಿಗೆ ಮುಂಚೆ ಎದೆಗೆ ಕೈ ಹೋಗುವುದು ನಮಗೆ ಅಭ್ಯಾಸ. ಕೈ ಹೋಯಿತು. ಅಲ್ಲಿ ಅಂಗಿಯ ಗುಂಡಿ ಬಿಟ್ಟರೆ ಏನೂ ಇರಲಿಲ್ಲ. ಬನಿಯನ್ನಿನೊಳಗೆ ಕೈಹಾಕಿದೆ. ಬೆನ್ನಿನ ಕಡೆ ಜಾರಿರಬಹುದೆಂದು ಅಲ್ಲೂ ತಡಕಿದೆ. ಹೋಟೆಲ್ಲಿನ ಮಾಣಿ ನನ್ನನ್ನೇ ನೋಡುತ್ತಿದ್ದ, ಇವನಿಗೆ ತುರಿಕೆಯ ಕಾಯಿಲೆ ಇರಬೇಕೆಂದುಕೊಂಡನೋ ಏನೋ.

"ತಿನ್ನೋ, ಆರೋಗತ್ತೆ," ಎಂದ ಸ್ನೇಹಿತ.

"ಹೊಟ್ಟೆ ಸರಿಯಿಲ್ಲ."

"ಇಡ್ಲಿ ಕಂಡು ಹೊಟ್ಟೆ ಕೆಡಿಸ್ಕೊಳ್ಳೋ ಗಿರಾಕಿಯಲ್ಲ ನೀನು," ಎಂದು ನನ್ನ ತಟ್ಟೆಯನ್ನೂ ಎಳೆದುಕೊಂಡ.

ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಕರಡಿಗೆ ಮನೆಯಲ್ಲೇ ಉಳಿದಿದ್ದರೆ ಅದು ಬರೀ ಮರೆವು. ಧರಿಸಿಯೇ ಹೊರಟು, ಹುಣಸೆಮರದ ಕೆಳಗೆ ಕೋಟು ಕಳಚುವಾಗ ದಾರ ಕಡಿದು ಬಿದ್ದಿದ್ದರೆ, ಅಜ್ಜಿಯ ತಮ್ಮನ ಕತೆ ನನ್ನದೇ ಕತೆ. ದಾರ ಹಳತಾಗಿದೆ, ಬದಲಾಯಿಸು ಎಂದು ಅಮ್ಮ ಹದಿನೈದು ದಿನದಿಂದ ಹೇಳುತ್ತಿದ್ದಳು. ಬೆಳಗ್ಗೆ ಏನು ಮಾಡಿದೆ ಎಂದು ಕಣ್ಣುಮುಚ್ಚಿ ನೆನೆಸಿಕೊಂಡೆ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟದ್ದು ನೆನಪಿತ್ತು. ಅದನ್ನು ಕೊರಳಿಗೆ ಹಾಕಿಕೊಂಡದ್ದೂ ಸ್ಪಷ್ಟವಾಗಿ ನೆನಪಿಗೆ ಬಂತು, ಬೆಳ್ಳಿ ಎದೆಗೆ ತಣ್ಣಗೆ ತಾಗಿದ್ದು ಕೂಡ. ಆದರೆ ಅದು ಇವತ್ತಿನದೋ, ನಿನ್ನೆಯದೋ? ಬುದ್ಧಿ ಬಂದಾಗಿನಿಂದ ಪ್ರತಿದಿನ ಮಾಡಿದ ಕೆಲಸ. ಆ ನೆನಪುಗಳಲ್ಲಿ ಇವತ್ತಿನದನ್ನು ಆರಿಸುವುದು ಹೇಗೆ? ಪೂಜೆಯ ಮಣೆಯ ಮೇಲೆ ಕರಡಿಗೆ ಒಂಟಿಯಾಗಿ ಕೂತಿರುವುದನ್ನೂ ಕಲ್ಪಿಸಿಕೊಂಡೆ. ಅದೂ ಅಷ್ಟೇ ಸ್ಪಷ್ಟವಾಗಿ ಕಂಡಿತು.

ಸ್ನೇಹಿತನಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾನೆಂದು ಒಂದು ಅನುಮಾನ, ನಗದೆ ಗಾಡಿ ತಿರುಗಿಸಿಬಿಡುತ್ತಾನೆಂದು ಇನ್ನೊಂದು. ಸಮುದ್ರ ಅವನಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಹಾಸನ ದಾಟಿತು, ಸಕಲೇಶಪುರ ದಾಟಿತು. ಆಮೇಲೆ ಘಟ್ಟ ಶುರು. ಕಾಡು ಎರಡೂ ಕಡೆಯಿಂದ ರಸ್ತೆಗೆ ಬಾಗಿತ್ತು. ತಿರುವಿಗೊಂದು ಝರಿ. ಮಧ್ಯಾಹ್ನವಾದರೂ ಕೆಳಗೆ ಕಣಿವೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಬೆಂಗಳೂರು ಬಿಟ್ಟು ಎಡಿಯೂರಿನಾಚೆ ಕಾಣದ ನಾನು ಬಾಯಿಬಿಟ್ಟು ನೋಡಬೇಕಾಗಿದ್ದ ಜಾಗ. ಮುಂದಿನಿಂದ ಅವನು, "ನೋಡೋ, ಅಲ್ ನೋಡೋ, ಎಡಗಡೆ!" ಎಂದು ಕೂಗುತ್ತಿದ್ದ. ನನಗೆ ಆ ಬೆಟ್ಟಗಳ ಮೇಲೆ ಸಿಟ್ಟು ಬಂತು. ಇಂಥ ದಿನವೇ ಇಷ್ಟು ಚೆನ್ನಾಗಿ ಕಾಣಬೇಕಾಗಿತ್ತೇ ಇವು? ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು.

ಎಂಜಿನ್ ಕಾದುಹೋಯಿತೆಂದು ಅವನು ಒಂದು ಝರಿಯ ಪಕ್ಕ ನಿಲ್ಲಿಸಿದ. ಬೊಗಸೆಯಲ್ಲಿ ನೀರು ಕುಡಿದು, ಮುಖ ತೊಳೆದು, ನನಗೂ ಒಂದು ಬೊಗಸೆ ತಂದು ಹಿಡಿದ. ನಾನು ಬೇಡವೆಂದೆ. ನೀರು ಅವನ ಬೆರಳುಗಳ ಸಂದಿಯಿಂದ ಸೋರಿ ನನ್ನ ಬೂಟಿನ ಮೇಲೆ ಬಿತ್ತು.

"ಏನಾಗಿದೆ ನಿಂಗೆ? ನೀರಿಗೂ ಹೊಟ್ಟೆ ಸರಿಯಿಲ್ವಾ?"

ಆಗ ಹೇಳಿದೆ. ಅವನು ನಗಲಿಲ್ಲ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ವಾಪಸ್ ಹೋಗೋಣ," ಎಂದ.

"ಬೇಡ."

"ಆ ಹುಣಸೆಮರದ ಹತ್ರ ಹುಡುಕೋಣ. ಜ್ಞಾಪಕ ಇದೆ ನಂಗೆ."

"ಅಲ್ಲಿ ಬಿದ್ದಿದ್ರೆ ಇಷ್ಟೊತ್ತಿಗೆ ಬೆಳ್ಳಿ ಕಂಡೋರು ಬಿಟ್ಟಿರ್ತಾರಾ? ಮನೇಲಿದ್ರೆ ಎಲ್ಲೂ ಹೋಗಲ್ಲ. ಎರಡರಲ್ಲಿ ಯಾವುದಾದ್ರೂ ಈಗ ತಿರುಗಿ ಏನುಪಯೋಗ?"

"ಹಾಗಾದ್ರೆ ಮಂಗಳೂರಿಂದ ಮನೆಗೆ ತಂತಿ ಕೊಡು."

ನಮ್ಮ ಬೀದಿಯಲ್ಲಿ ತಂತಿ ಬಂತೆಂದರೆ ಯಾರೋ ಸತ್ತರೆಂದೇ ಅರ್ಥ. ಮಗ ಮೋಟಾರ್ ಸೈಕಲ್ಲಿನಲ್ಲಿ ಹೋಗಿರುವಾಗ ತಂತಿಯವನು ಬಾಗಿಲಿಗೆ ಬಂದರೆ, ಒಡೆದು ಓದುವ ಮೊದಲೇ ಅಮ್ಮ ನೆಲಕ್ಕೆ ಬೀಳುತ್ತಿದ್ದಳು. ಅದನ್ನು ಹೇಳಿದೆ. "ಮತ್ತೆ ಏನ್ಮಾಡಣ?" ಎಂದ. "ಗೊತ್ತಿಲ್ಲ" ಎಂದೆ. ಗೊತ್ತಿಲ್ಲದ ಇಬ್ಬರೂ ಗಾಡಿ ಹತ್ತಿ ಘಟ್ಟ ಇಳಿದೆವು. ಅವನು ಮತ್ತೆ ಹಾಡಲಿಲ್ಲ.

ಸಮುದ್ರ ಕಂಡಾಗ ಹೊತ್ತು ಇಳಿಯುತ್ತಿತ್ತು. ತೆಂಗಿನ ತೋಪಿನ ಆಚೆ ರಸ್ತೆ ಮರಳಿನಲ್ಲಿ ಮುಗಿದುಹೋಯಿತು. ಗಾಡಿ ತಳ್ಳಿಕೊಂಡು ದಿಬ್ಬ ಹತ್ತಿದರೆ, ಮುಂದೆ ಅದೇ. ಅಷ್ಟು ನೀರನ್ನು ಒಟ್ಟಿಗೆ ನೋಡಿ ನನಗೆ ಹೆದರಿಕೆಯಾಯಿತು. ಅವನು ಪ್ಯಾಂಟು ಮಡಿಸುವ ಗೋಜಿಗೂ ಹೋಗದೆ ಓಡಿದ, ನನ್ನ ಕೈ ಹಿಡಿದು ಎಳೆದ. ಮೊದಲ ಅಲೆ ಮೊಣಕಾಲಿಗೆ ಬಂತು. ಎರಡನೆಯದು ನನ್ನನ್ನು ಮಗುಚಿ ಹಾಕಿತು. ಎದ್ದು ಕೂತಾಗ ಮೂಗು, ಕಿವಿ, ಬಾಯಿ ಎಲ್ಲ ಉಪ್ಪು. ಒಂದು ಗುಟುಕು ಒಳಗೂ ಹೋಗಿತ್ತು.

ಬೆಳಗಿನಿಂದ ಕಾಪಾಡಿಕೊಂಡ ವ್ರತ ಸಮುದ್ರದ ಕೈಯಲ್ಲಿ ಹೀಗೆ ಮುಗಿಯಿತು. ಅದು ಕುಡಿದದ್ದೋ, ಕುಡಿಸಿದ್ದೋ? ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಮರಳಿನಲ್ಲಿ ಕೂತು ಯೋಚಿಸಿದೆ. ಯೋಚಿಸಿದಷ್ಟೂ ಹಸಿವು ಹೆಚ್ಚಾಯಿತು. ಹೇಗೂ ಒಂದು ಗುಟುಕು ಇಳಿದಾಯಿತು, ಇನ್ನು ಉಪವಾಸಕ್ಕೆ ಅರ್ಥವೇನು ಎಂಬ ತೀರ್ಮಾನಕ್ಕೆ ಬಂದೆ. ಹಸಿದವನ ತರ್ಕ ಅದು. ಅದರ ಯೋಗ್ಯತೆ ನನಗೆ ಆಗಲೂ ಗೊತ್ತಿತ್ತು.

ತೋಪಿನ ಅಂಚಿನಲ್ಲಿ ತೆಂಗಿನ ಮಡಲು ಹೊದಿಸಿದ ಗುಡಿಸಲೊಂದರ ಮುಂದೆ ಒಬ್ಬ ಮುದುಕಿ ಒಲೆ ಹಚ್ಚಿಕೊಂಡು ಕೂತಿದ್ದಳು. ನಮ್ಮ ಒದ್ದೆ ಬಟ್ಟೆ ನೋಡಿ, "ಘಟ್ಟದ ಮೇಲಿನವರಾ? ಸಮುದ್ರ ಎಂತ ಕೆರೆ ಅಂತ ಮಾಡಿದ್ರಾ?" ಎಂದು ನಕ್ಕಳು. "ಗಂಜಿ ಉಂಟು, ಕೊಡ್ಲಾ?" ಎಂದಳು.

ಕುಚ್ಚಲಕ್ಕಿಯ ಗಂಜಿ. ಕೆಂಪಗೆ ದಪ್ಪ ಅಗುಳು. ಅಂಥ ಅಕ್ಕಿಯನ್ನು ನಮ್ಮ ಮಂಡಿಯಲ್ಲಿ ಯಾರೂ ಕೇಳಿದ್ದಿಲ್ಲ. ಜೊತೆಗೆ ಮಾವಿನ ಮಿಡಿಯ ಉಪ್ಪಿನಕಾಯಿ. ಆ ಬಟ್ಟಲಿನಲ್ಲಿ ಅದಕ್ಕೂ ಮೊದಲು ಏನಿತ್ತೆಂದು ನಾನು ಕೇಳಲಿಲ್ಲ. ಎದೆಗೆ ಕೈ ಹೋಯಿತು, ಖಾಲಿ ಜಾಗ ತಡವಿ ವಾಪಸ್ಸು ಬಂತು. ಕುಡಿದೆ. ಒಂದಲ್ಲ, ಮೂರು ಬಟ್ಟಲು. ಗಂಟಲಲ್ಲಿ ಇಳಿಯುವುದಿಲ್ಲ, ವಾಂತಿಯಾಗುತ್ತದೆ, ಏನಾದರೂ ಆಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ರುಚಿಯಾದದ್ದನ್ನು ತಿಂದಿರಲಿಲ್ಲ ನಾನು. ನಾಚಿಕೆಯಾದದ್ದು ಅದಕ್ಕೇ.

ಸ್ನೇಹಿತ ನನ್ನ ಕಡೆಗೆ ಬೆನ್ನು ಹಾಕಿ ಸಮುದ್ರ ನೋಡುತ್ತಾ ಕೂತಿದ್ದ. ನಾನು ಬಟ್ಟಲು ಕೆಳಗಿಟ್ಟ ಮೇಲೆ, "ನಾನೇನೂ ನೋಡ್ಲಿಲ್ಲ ಗುರು" ಎಂದ.

ಛತ್ರವೊಂದರಲ್ಲಿ ಮಲಗಿ ಬೆಳಗಾಗುತ್ತಲೇ ಹೊರಟೆವು. ಒಮ್ಮೆ ಕಟ್ಟು ಒಡೆದ ಮೇಲೆ ಬಾಯಿಗೆ ತಡೆಯಿರಲಿಲ್ಲ. ಸಕಲೇಶಪುರದಲ್ಲಿ ಕಾಫಿ ತಿಂಡಿ ಆಯಿತು, ಹಾಸನದಲ್ಲಿ ಪುಷ್ಕಳ ಊಟವೂ ಆಯಿತು. ಪ್ರತಿ ಸಲ ತಿಂದು ಏಳುವಾಗ, ಲಿಂಗ ಮನೆಯಲ್ಲಿದ್ದರೆ ಏನೆಂದು ಬೇಡಿಕೊಳ್ಳಲಿ, ಇಲ್ಲದಿದ್ದರೆ ಯಾವ ಮುಖ ಹೊತ್ತು ಒಳಗೆ ಹೋಗಲಿ ಎಂದು ಕೊರಗಿದೆ. ಕೊರಗು ಮುಗಿಯುವಷ್ಟರಲ್ಲಿ ಮತ್ತೆ ಹಸಿವಾಗುತ್ತಿತ್ತು. ಎಡಿಯೂರು ಬಂದಾಗ ಅವನು ಗಾಡಿ ನಿಧಾನ ಮಾಡಿ, "ದೇವಸ್ಥಾನಕ್ಕೆ ಹೋಗ್ಬರ್ತೀಯಾ?" ಎಂದು ಕೇಳಿದ. ನಮ್ಮ ಮನೆಯವರೆಲ್ಲ ವರ್ಷಕ್ಕೊಮ್ಮೆ ನಡೆದುಕೊಳ್ಳುವ ಜಾಗ. ಗದ್ದುಗೆಯ ಎದುರು ಬರಿ ಎದೆಯಲ್ಲಿ ನಿಲ್ಲುವ ಧೈರ್ಯ ನನಗೆ ಬರಲಿಲ್ಲ. "ನಡಿ, ನಡಿ" ಎಂದೆ. ಹುಣಸೆಮರದ ಕೆಳಗೆ ಇಬ್ಬರೂ ಮಂಡಿಯೂರಿ ಹುಲ್ಲು, ತರಗು, ಬೇರಿನ ಸಂದಿ ಎಲ್ಲ ಹುಡುಕಿದೆವು. ಅವನು ನನಗಿಂತ ಜಾಸ್ತಿ ಹುಡುಕಿದ. ಅಂಗೈಗೆ ಮುಳ್ಳು ಚುಚ್ಚಿ ರಕ್ತ ಬಂದರೂ ಬಿಡಲಿಲ್ಲ. ಅಲ್ಲಿ ಏನೂ ಸಿಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಚಾಮರಾಜಪೇಟೆ ಸೇರಿದೆವು. ಗಾಡಿಯ ಸದ್ದಿಗೆ ಅಮ್ಮ ಬಾಗಿಲಿಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಬಾಡಿಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಒಳಗಿದೆ ಕಣಪ್ಪಾ, ಒಳಗಿದೆ. ಮಣೆ ಮೇಲೇ ಬಿಟ್ಹೋಗಿದ್ದೆ" ಎಂದಳು.

ಅಲ್ಲೇ ಜಗಲಿಯ ಮೇಲೆ ಕುಸಿದು ಕೂತೆ. ಇಪ್ಪತ್ಮೂರು ವರ್ಷದ ಗಂಡಸು ಬೀದಿಯವರ ಎದುರಿಗೆ ಅತ್ತುಬಿಟ್ಟೆ. ದೇವರಿದ್ದಾನೋ ಇಲ್ಲವೋ ಎಂಬ ವಾದವೆಲ್ಲ ಎಲ್ಲಿ ಹೋಯಿತೋ.

"ಅಳ್ಬೇಡ," ಎಂದು ಅಮ್ಮ ತಲೆ ಸವರಿದಳು. "ನೀನು ಹೋಗಿ ಸ್ವಲ್ಪ ಹೊತ್ತಿಗೇ ನೋಡ್ದೆ. ಇನ್ನೊಬ್ಬರ ಲಿಂಗ ಮುಟ್ಟೋ ಹಾಗಿಲ್ವಲ್ಲ, ಮುಂದೆ ಒಂದು ದೀಪ ಇಟ್ಟೆ, ಆರದ ಹಾಗೆ ನೋಡ್ಕೊಂಡೆ. ಎರಡು ದಿನ ತೊಟ್ಟು ನೀರಿಲ್ದೆ ಹೆಂಗಿದ್ಯೋ ಮಗನೇ. ಏಳು, ಸ್ನಾನ ಮಾಡಿ ಪೂಜೆ ಮಾಡು. ಅಡುಗೆ ಆಗಿದೆ."

ಒಳಗಿನಿಂದ ಅಪ್ಪನ ದನಿ ಬಂತು. "ನಿಮ್ಮಮ್ಮನೂ ಏನೂ ಮುಟ್ಟಿಲ್ಲ. ಪೂಜೆ ತೀರ್ಥ ಬಿಟ್ರೆ ನಿನ್ನೆಯಿಂದ ಬರೀ ಹೊಟ್ಟೆ. ನನ್ ಮಗ ಅಲ್ಲಿ ಹಸ್ಕೊಂಡಿರ್ತಾನೆ, ನಾನ್ ಹೆಂಗ್ ತಿನ್ಲಿ ಅಂತಾಳೆ. ಹೇಳಿ ಹೇಳಿ ಸಾಕಾಯ್ತು ನಂಗೆ."

ಹಾಸನದ ಊಟ ಇನ್ನೂ ಹೊಟ್ಟೆಯಲ್ಲಿ ಭಾರವಾಗಿತ್ತು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಂಡೆ. "ಅಮ್ಮಾ, ನಾನು..." ಎಂದೆ. ಅವಳು ಆಗಲೇ ಸ್ನೇಹಿತನ ಕಡೆ ತಿರುಗಿದ್ದಳು.

"ನೀನಾದ್ರೂ ತಿಂದ್ಯೇನಪ್ಪಾ? ಇವನ ಜೊತೆ ನೀನೂ ಉಪವಾಸ ಬಿದ್ಯಾ?"

"ನಾನು ತಿಂದೆ ಅಮ್ಮಾ," ಎಂದ ಅವನು. ಅಂಗೈಯ ಮುಳ್ಳು ಕೀಳುತ್ತಾ ತಲೆ ಬಗ್ಗಿಸಿಕೊಂಡೇ ಹೇಳಿದ, "ಇವನೇ ಒಂದು ತೊಟ್ಟು ನೀರೂ ಮುಟ್ಲಿಲ್ಲ. ನಾನು ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ."

ಅಮ್ಮನ ಮುಖ ಹೇಗೆ ಅರಳಿತೆಂದರೆ, ಅದನ್ನು ನೋಡಿದ ಮೇಲೆ ನನ್ನ ಬಾಯಿ ಕಟ್ಟಿಹೋಯಿತು. ನಿಜ ಹೇಳಿದರೆ ಅವಳ ಎರಡು ದಿನದ ಉಪವಾಸ ಮಣ್ಣುಪಾಲು, ಅವನು ಸುಳ್ಳುಗಾರ. ಹೇಳದಿದ್ದರೆ ನಾನು ಏನಾಗುತ್ತೇನೆ? ಅವನನ್ನು ತಬ್ಬಿಕೊಳ್ಳಬೇಕೋ, ಕೆನ್ನೆಗೆ ಬಾರಿಸಬೇಕೋ ತಿಳಿಯಲಿಲ್ಲ. ಅವನು ಬರ್ತೀನಿ ಎಂದು ಹೇಳಿ ಗಾಡಿ ಹತ್ತಿ ಗವಿಪುರಕ್ಕೆ ಹೋದ. ಈ ವಿಷಯ ನಾವಿಬ್ಬರೂ ಮತ್ತೆ ಎಂದೂ ಆಡಲಿಲ್ಲ. ಅಮ್ಮನಿಗೆ ನಾನು ಹೇಳಲೂ ಇಲ್ಲ. ಅವಳು ಹೋಗಿ ಈಗ ಬಹಳ ವರ್ಷವಾಯಿತು. ತಪ್ಪು ಎಲ್ಲಿ ಶುರುವಾಯಿತು, ಮಣೆಯ ಮೇಲೋ, ಮರಳಿನ ಮೇಲೋ, ಜಗಲಿಯ ಮೇಲೋ, ನನಗೆ ಇನ್ನೂ ಬಗೆಹರಿದಿಲ್ಲ.

ಸ್ನಾನ ಮಾಡಿ ಪೂಜೆಗೆ ಕೂತೆ. ಲಿಂಗ ಅಂಗೈಯಲ್ಲಿ ಎಂದಿನಂತೆಯೇ ಇತ್ತು. ಏನೂ ಬೇಡಿಕೊಳ್ಳದೆ ವಿಭೂತಿ ಹಚ್ಚಿ, ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡೆ. ಅಮ್ಮ ಎರಡು ತಟ್ಟೆ ಹಾಕಿದ್ದಳು, ಎದುರುಬದುರು. ಬಿಸಿ ಅನ್ನ, ತೊವ್ವೆ, ತುಪ್ಪ. ಅನ್ನ ಕಲಸಿ ತುತ್ತು ಕಟ್ಟಿ ಕೈಯಲ್ಲಿ ಹಿಡಿದುಕೊಂಡಳು, ಬಾಯಿಗೆ ಇಡಲಿಲ್ಲ. ನಾನು ಮೊದಲು ತಿನ್ನಬೇಕು. ತುಪ್ಪ ಅವಳ ಬೆರಳ ಸಂದಿಯಿಂದ ಇಳಿಯುತ್ತಿದ್ದರೂ ಕಾದಳು. ಅದನ್ನು ನೋಡಲಾರದೆ, ಬೇಗ ಮುಗಿದುಹೋಗಲಿ ಎಂದು, ನಾನು ಗಬಗಬನೆ ಒಂದು ದೊಡ್ಡ ತುತ್ತು ಬಾಯಿಗೆ ತುರುಕಿಕೊಂಡೆ.

"ನಿಧಾನ ಕಣಪ್ಪಾ, ನಿಧಾನ," ಎಂದಳು ಅಮ್ಮ. "ಖಾಲಿ ಹೊಟ್ಟೆ, ಹಿಡ್ಕೊಂಡ್ಬಿಡತ್ತೆ."